ಫೋನಿನಲ್ಲಿ ಮನೋಹರ್, ತಾರಸಿಯ ಮೇಲೆ ಪ್ರತಿಭಾ

ಮನೋಹರ್ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅವನ ಫೋನಿಗೆ ಕರೆಗಳು ಬರುತ್ತಲೇ ಇದ್ದವು. ಟಿವಿ ಬರ್ತಿಲ್ಲ, ನೋ ಸಿಗ್ನಲ್ ಅಂತಿದೆ, ಒಂದ್ಸಲ ಬಂದು ನೋಡ್ಬಿಡಿ. ಚಾಮರಾಜಪೇಟೆ, ಶಂಕರಪುರಂ, ಬಸವನಗುಡಿಯ ಎಷ್ಟೋ ತಾರಸಿಗಳ ಮೇಲೆ ಡಿಶ್ ಕೂರಿಸಿಕೊಟ್ಟವನು ಅವನೇ. ಕಂಪನಿಯ ನಂಬರಿಗೆ ಫೋನ್ ಮಾಡಿ ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಎನ್ನಿಸಿಕೊಳ್ಳುವ ಬದಲು ಜನ ನೇರವಾಗಿ ಅವನನ್ನೇ ಕರೆಯುತ್ತಿದ್ದರು. ಅವನ ಬೆನ್ನುಮೂಳೆ ಮುರಿದಿದೆ, ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲ, ಇನ್ನು ಅವನು ಏಣಿ ಹತ್ತುವುದಿಲ್ಲ ಎಂಬುದನ್ನು ಒಬ್ಬೊಬ್ಬರಿಗೂ ಹೇಳಬೇಕಾದವಳು ಹೆಂಡತಿ ಪ್ರತಿಭಾ. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆಮೇಲೆ, ಹಾಗಾದರೆ ಬೇರೆ ಯಾರಾದರೂ ಗೊತ್ತಾ ಎಂದು ಕೇಳುತ್ತಿದ್ದರು.

ಪ್ರತಿಭಾ ಮಾಗಡಿ ರಸ್ತೆಯಾಚೆ ಸೇವಂತಿಗೆ ಬೆಳೆಯುವವರ ಮನೆಯ ಮಗಳು. ಮದುವೆಯಾಗಿ ಚಾಮರಾಜಪೇಟೆಯ ವಠಾರವೊಂದರ ಕೊನೆಯ ಮನೆಗೆ ಬಂದಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗಿ ಕಾಲರ್ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಅತ್ತೆ ಮುನಿಲಕ್ಷ್ಮಮ್ಮ ಆ ವಿಷಯ ಎತ್ತಿ ಆಡುವವರಲ್ಲ. ಗಂಡ ಬಿದ್ದ ಮೇಲೆ ಗಾರ್ಮೆಂಟ್ಸ್ ಬಿಟ್ಟಳು. ಅವನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಬೆನ್ನಿನ ಹುಣ್ಣು ತೊಳೆಯಬೇಕು. ಅತ್ತೆಯೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು.

ಅವನು ಬಿದ್ದದ್ದು ಶಂಕರಪುರದ ಹಳೆಯ ಮನೆಯೊಂದರಲ್ಲಿ. ಮನೆಯ ಯಜಮಾನರು ದೊರೆಸ್ವಾಮಿ, ನಿವೃತ್ತ ಗುಮಾಸ್ತರು. ತಾರಸಿಗೆ ರಂಧ್ರ ಕೊರೆದರೆ ಸೋರುತ್ತದೆ ಎಂದು ಅಲ್ಲಿ ಡಿಶ್ ಇಡಲು ಅವರು ಬಿಟ್ಟಿರಲಿಲ್ಲ. ಹಾಗಾಗಿ ಅದನ್ನು ಪಕ್ಕದ ಗೋಡೆಯ ಹೊರಮೈಗೆ, ಮಹಡಿಯ ಕಿಟಕಿಯ ಸಜ್ಜಾದ ಮೇಲುಗಡೆ ಬಿಗಿಯಲಾಗಿತ್ತು. ಸಿಗ್ನಲ್ ಹೋಗಿದೆ ಎಂದು ಕರೆದಾಗ ಮನೋಹರ್ ತಾರಸಿಯಿಂದ ಸಜ್ಜಾದ ಮೇಲೆ ಇಳಿದಿದ್ದ. ಹಿಂದಿನ ದಿನ ಮಳೆ ಬಂದಿತ್ತು. ಎರಡು ಮನೆಗಳ ನಡುವಿನ ಓಣಿಗೆ, ಕಲ್ಲುಚಪ್ಪಡಿಯ ಮೇಲೆ ಬಿದ್ದ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಹೆಂಡತಿಗೆ ಹೇಳಿದ ಮೊದಲ ಮಾತು, "ಸಜ್ಜಾ ಮುರೀತು ಪ್ರತಿಭಾ. ಕಾಲಿಟ್ಟೆ, ಮುರ್ಕೊಂಡು ಹೋಯ್ತು."

ಅಷ್ಟರಲ್ಲಿ ಬೇರೆ ಮಾತು ಹರಡಿಯಾಗಿತ್ತು. ಠಾಣೆಯಿಂದ ಬಂದವರಿಗೆ ದೊರೆಸ್ವಾಮಿಯವರು, ಅವನ ಬಾಯಲ್ಲಿ ವಾಸನೆ ಇತ್ತು ಎಂದಿದ್ದರು. ಅದೇ ಬರಹಕ್ಕೆ ಇಳಿಯಿತು. ಮನೋಹರನಿಗೆ ಕೆಲಸ ಕೊಡುತ್ತಿದ್ದ ಏಜೆಂಟ್ ರವಿಕುಮಾರ್ ಆಸ್ಪತ್ರೆಗೆ ಒಂದೇ ಸಲ ಬಂದ. "ಕುಡಿದು ಬಿದ್ದಿದ್ದಕ್ಕೆ ಇನ್ಶೂರೆನ್ಸ್‌ನೋರು ಒಪ್ಪಲ್ಲಮ್ಮ. ನನ್ ಕೈಲಿ ಏನಿದೆ ಹೇಳಿ," ಎಂದು ಹೋದವನು ಮತ್ತೆ ಬರಲಿಲ್ಲ.

ಗಂಡನ ಮಾತಿಗೆ ಪ್ರತಿಭಾ ಹೂಂ ಎಂದು ತಲೆಯಾಡಿಸಿದ್ದಳು. ಆದರೆ ಆ ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಅವನ ಉಸಿರಿನಲ್ಲಿ ಹಿಂದಿನ ಸಂಜೆಯದು ಇನ್ನೂ ಇತ್ತು. ವಾರಕ್ಕೆ ಒಂದೆರಡು ಸಂಜೆ ಅವನು ಕುಡಿಯುತ್ತಿದ್ದ, ಗಲಾಟೆ ಮಾಡಿದವನಲ್ಲ. ಅದು ಅವಳಿಗೆ ಗೊತ್ತು. ಆದರೂ ಊರೆಲ್ಲ ಹೇಳಿದ್ದು ಅವಳೊಳಗೂ ಒಂದು ಮೂಲೆಯಲ್ಲಿ ಕೂತುಬಿಟ್ಟಿತು. ಮಧ್ಯಾಹ್ನ ಹುಣ್ಣು ತೊಳೆಯುವಾಗ, ಸ್ವಲ್ಪ ನೆಟ್ಟಗಿದ್ದಿದ್ದರೆ ಹೀಗಾಗುತ್ತಿತ್ತಾ ಎಂದು ಮನಸ್ಸಿಗೆ ಬರುತ್ತಿತ್ತು. ಬಾಯಿಬಿಟ್ಟು ಅವಳು ಯಾವತ್ತೂ ಕೇಳಲಿಲ್ಲ.

ಅವಳು ಏಣಿ ಹತ್ತುವಂತಾದದ್ದು ಬಸವನಗುಡಿಯ ಭಾಗೀರಥಮ್ಮನವರಿಂದ. ಅವರು ಸ್ಕೂಲಿನ ನಿವೃತ್ತ ಮೇಡಂ, ಕೀಲುನೋವಿನಿಂದ ಮನೆಯಲ್ಲೇ ಇರುವವರು. ಫೋನಿನಲ್ಲಿ ವಿಷಯ ಕೇಳಿ, "ನೀನೇ ಬಾಮ್ಮ. ಅವನು ಫೋನಲ್ಲಿ ಹೇಳ್ಲಿ, ನೀನು ಮಾಡು. ಬರದೇ ಇದ್ರೆ ಬೇಡ," ಎಂದರು.

ಪ್ರತಿಭಾ ಗಂಡನ ಮುಖ ನೋಡಿದಳು. "ಹೋಗು," ಎಂದ ಮನೋಹರ್. "ಚೀಲದಲ್ಲಿ ಸ್ಪ್ಯಾನರ್ ಇದೆ, ಕಟರ್ ಇದೆ. ಇನ್ನೊಂದು ತಿಂಗ್ಳು ಬಿಟ್ರೆ ತುಕ್ಕು ಹಿಡಿಯತ್ತೆ."

ಭಾಗೀರಥಮ್ಮನವರ ಹಾಲಿನಲ್ಲಿ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಸೀದಾ ಮೆಟ್ಟಿಲ ಕಡೆ ಹೊರಟಾಗ ಅವನು ತಡೆದ.

"ಎಲ್ಲಿಗೆ ಹೋಗ್ತಿದೀಯ? ಮೇಲೆ ಹತ್ತೋದು ಕೊನೇಲಿ. ಮೊದ್ಲು ಟಿವಿ ಹಿಂದೆ ನೋಡು. ಬಾಕ್ಸ್‌ಗೆ ಬರೋ ಕರಿ ವೈರ್ ಬಿಗಿಯಾಗಿದ್ಯಾ?"

"ಇದೆ."

"ಬಾಕ್ಸ್ ಆಫ್ ಮಾಡಿ ಆನ್ ಮಾಡು. ರಿಮೋಟಲ್ಲಿ ಮೆನುಗೆ ಹೋಗು. ಸಿಗ್ನಲ್ ಅಂತ ಇರತ್ತೆ, ಒತ್ತು. ಏನು ಕಾಣ್ಸತ್ತೆ?"

"ಎರಡು ಪಟ್ಟಿ ಇದೆ ರೀ. ಎರಡೂ ಖಾಲಿ."

"ಎರಡೂ ಖಾಲಿ ಅಂದ್ರೆ ಮೇಲಿಂದ ಏನೂ ಇಳೀತಿಲ್ಲ. ವೈರ್ ಎಲ್ಲೋ ಕಟ್ ಆಗಿದೆ, ಇಲ್ಲ ನೀರು ಕುಡಿದಿದೆ. ಮೇಲಿನ ಪಟ್ಟಿ ತುಂಬಿ ಕೆಳಗಿಂದು ಖಾಲಿ ಇದ್ದಿದ್ರೆ ಡಿಶ್ ಅಲ್ಲಾಡಿದೆ ಅಂತ. ಇಷ್ಟು ನೆನಪಿಟ್ಕೊ, ಅರ್ಧ ಕೆಲಸ ಬಂತು ಅಂತ್ಲೇ."

ತಾರಸಿಯಲ್ಲಿ, ಡಿಶ್ಶಿನ ಮುಂದಕ್ಕೆ ಚಾಚಿದ ಕೋಲಿನ ತುದಿಯ ಪುಟ್ಟ ಡಬ್ಬಿಗೆ ವೈರು ಸೇರುವ ಕಡೆ ಬಿಚ್ಚಿ ನೋಡಿದರೆ ತಾಮ್ರದ ಎಳೆ ಹಸಿರುಗಟ್ಟಿತ್ತು. ಅವನು ಹೇಳಿದಂತೆ ಅಷ್ಟು ಕತ್ತರಿಸಿ, ಹೊಸದಾಗಿ ಸುಲಿದು, ತಿರುಪು ಕೂರಿಸಿದಳು. ಕಾಲರ್ ಹೊಲಿದ ಕೈ, ಸಣ್ಣ ಕೆಲಸಕ್ಕೆ ನಡುಗಲಿಲ್ಲ. ಕೆಳಗಿನಿಂದ ಭಾಗೀರಥಮ್ಮ, "ಬಂತು, ಬಂತು," ಎಂದದ್ದು ಅವಳ ಫೋನಿನ ಮೂಲಕ ಮನೋಹರನಿಗೂ ಕೇಳಿಸಿತು. ಅವನು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದನ್ನು ಅವಳು ಅದೇ ಮೊದಲು ಕೇಳಿದ್ದು.

ಹೀಗೆ ಶುರುವಾಯಿತು. ಎಲ್ಲ ಮನೆಗಳಲ್ಲೂ ಭಾಗೀರಥಮ್ಮ ಇರಲಿಲ್ಲ. ಗಂಡಸರು ಯಾರೂ ಬರಲಿಲ್ಲವಾ ಎಂದು ಕೇಳಿ ಬಾಗಿಲಲ್ಲೇ ಕಳಿಸಿದವರಿದ್ದರು. ಅವಳ ಬೆನ್ನ ಹಿಂದೆಯೇ ತಾರಸಿಗೆ ಬಂದು, ಅವಳು ಬಗ್ಗಿದಾಗೆಲ್ಲ ಅಲ್ಲೇ ನಿಂತು ನೋಡುತ್ತಿದ್ದವರೂ ಇದ್ದರು. ಕೆಲಸವೂ ಮೊದಲಿನಷ್ಟಿರಲಿಲ್ಲ. ಚಿಕ್ಕ ವಯಸ್ಸಿನವರೆಲ್ಲ ಇಂಟರ್‌ನೆಟ್ಟಿನಲ್ಲೇ ನೋಡುವುದಕ್ಕೆ ಹೊರಳಿ, ಅರ್ಧಕ್ಕರ್ಧ ಡಿಶ್‌ಗಳು ತಾರಸಿಯಲ್ಲಿ ಪಾರಿವಾಳಗಳಿಗೆ ಕೂರುವ ಜಾಗವಾಗಿದ್ದವು. ಉಳಿದದ್ದು ಹಳೆಯ ಮನೆಗಳ ಹಳೆಯ ಜನ.

ಮನೆಯಲ್ಲಿ ಮನೋಹರ್ ಬೇರೆಯೇ ಮನುಷ್ಯ. ಅನ್ನ ಆರಿದೆ ಎಂದು ತಟ್ಟೆ ತಳ್ಳುತ್ತಿದ್ದ. ಹೊರಳಿಸಲು ಬಂದ ತಾಯಿಯನ್ನು ಬೈಯುತ್ತಿದ್ದ, ಬೈದು ಅಳುತ್ತಿದ್ದ. ಫೋನಿನಲ್ಲಿ ಮಾತ್ರ ಅವನ ದನಿ ಮೊದಲಿನಂತೆ ನಿಧಾನವಾಗುತ್ತಿತ್ತು. ಯಾವ ಮನೆ ಎಂದು ಹೇಳಿದರೆ ಸಾಕು, ತಾರಸಿಯೇ ಅವನ ಕಣ್ಣ ಮುಂದೆ ಬರುತ್ತಿತ್ತು. "ಎಡಗಡೆ ಟ್ಯಾಂಕ್ ಇದೆ ನೋಡು, ಅದ್ರ ಹಿಂದೆ ವೈರ್‌ಗೆ ಜಾಯಿಂಟ್ ಹಾಕಿದೀನಿ." "ಡಿಶ್ ಮುಖ ಆಗ್ನೇಯಕ್ಕಿರ್ಬೇಕು, ನಿಮ್ಮಮ್ಮನ ಮನೇಲಿ ಒಲೆ ಇರೋ ಮೂಲೆ." ಅವಳಿಗೆ ಗೊತ್ತಿದ್ದ ದೋಷಕ್ಕೂ ಅವಳು ಅವನನ್ನು ಕೇಳುತ್ತಿದ್ದಳು. ಕೇಳುವುದನ್ನು ಬಿಡುವ ಮನಸ್ಸಾಗುತ್ತಿರಲಿಲ್ಲ.

ಅವನು ಬಿದ್ದ ಎರಡನೆಯ ವರ್ಷ ದಸರೆ ಕಳೆದ ಮೇಲೆ ಇಂಚರಾ ಎಂಬ ಹುಡುಗಿಯ ಫೋನ್ ಬಂತು. ಬ್ಯಾಂಕಿನಲ್ಲಿ ಕೆಲಸ, ಶಂಕರಪುರದಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದು ತಾಯಿಯ ಜೊತೆ ಇದ್ದಾಳೆ, ಟಿವಿ ನಿಂತಿದೆ. ಮೊಬೈಲಿಗೆ ಬಂದ ದಾರಿ ಹಿಡಿದು ಹೋದ ಪ್ರತಿಭಾ ಗೇಟಿನ ಮುಂದೆ ನಿಂತಳು. ಕಂಬದ ಮೇಲೆ ಕಲ್ಲಿನ ಫಲಕ. ಬಿ. ದೊರೆಸ್ವಾಮಿ.

ಅವಳು ಆ ಮನೆಯನ್ನು ಎಂದೂ ನೋಡಿರಲಿಲ್ಲ. ಬಿದ್ದವನನ್ನು ಆಸ್ಪತ್ರೆಯಲ್ಲೇ ನೋಡಿದ್ದು. ಹಿಂದಕ್ಕೆ ತಿರುಗಿದಳು ಕೂಡ. ಅಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಇಂಚರಾ, "ಡಿಶ್‌ನೋರಾ? ಬನ್ನಿ, ಮೆಟ್ಲು ಈ ಕಡೆ," ಎಂದು ಕರೆದಳು. ಪ್ರತಿಭಾ ಹತ್ತಿದಳು.

ಒಳಗೆ ಮೆನು ತೆರೆದು ನೋಡಿದಳು. ಮೇಲಿನ ಪಟ್ಟಿ ತುಂಬಿತ್ತು, ಕೆಳಗಿನದು ಖಾಲಿ. ಡಿಶ್ ಅಲ್ಲಾಡಿದೆ. ತಾರಸಿಗೆ ಹೋಗಿ ಪ್ಯಾರಪಿಟ್ ಗೋಡೆಯ ಮೇಲೆ ಬಗ್ಗಿ ನೋಡಿದರೆ ಹೊರಮೈಯಲ್ಲಿ ಡಿಶ್, ಕೈಗೆ ಎಟುಕೀತೋ ಇಲ್ಲವೋ ಎನ್ನುವಷ್ಟು ಕೆಳಗೆ. ಅದರ ಕೆಳಗೆ ಸಜ್ಜಾ. ಅದರ ಕೆಳಗೆ ಓಣಿಯ ಚಪ್ಪಡಿ. ಯಾರೋ ನೈಟಿಗಳನ್ನು ಒಣಹಾಕಿದ್ದರು.

ಅವಳು ಫೋನ್ ಮಾಡಿದಳು.

"ಯಾವ ಮನೆ?" ಎಂದ ಮನೋಹರ್.

"ಯಾವ್ದೋ ಹೊಸಬ್ರು ರೀ. ನೀವು ಹಾಕಿದ್ದಲ್ಲ."

"ಡಿಶ್ ಎಲ್ಲಿದೆ?"

"ಗೋಡೆಗಿದೆ. ಹೊರಗಡೆ. ತಾರಸಿಯಿಂದ ಬಗ್ಗಬೇಕು."

ಆ ಕಡೆ ಅತ್ತೆ ಪಾತ್ರೆ ತೊಳೆಯುವುದು ಕೇಳಿಸುತ್ತಿತ್ತು.

"ದೊರೆಸ್ವಾಮಿ ಮನೆ," ಎಂದ ಅವನು.

ಅವಳು ಚೀಲ ಕೆಳಗಿಟ್ಟಳು.

"ಸಜ್ಜಾ ಮೇಲೆ ಇಳೀಬೇಡ. ಕೇಳಿಸ್ತಾ? ಮೇಲಿಂದ್ಲೇ ಮಲಕ್ಕೊಂಡು ಬಗ್ಗು. ಸೀರೇನ ಸೊಂಟಕ್ಕೆ ಸಿಕ್ಕಿಸ್ಕೊ. ಉದ್ದದ ಸ್ಪ್ಯಾನರ್ ತಗೊ. ಯಾರನ್ನಾದ್ರೂ ಕರ್ದು ಕಾಲು ಹಿಡ್ಕೊಳಕ್ಕೆ ಹೇಳು."

ಇಂಚರಾ ಬಂದು ಅವಳ ಕಾಲು ಹಿಡಿದುಕೊಂಡಳು. ಪ್ರತಿಭಾ ಗೋಡೆಯ ಮೇಲೆ ಹೊಟ್ಟೆಯೂರಿ ಕೆಳಕ್ಕೆ ಬಾಗಿದಳು. ಆಗ ಸಜ್ಜಾ ಹತ್ತಿರದಿಂದ ಕಂಡಿತು. ಗೋಡೆಯ ಒಂದು ಬದಿಗೆ ಅದು ಪಾಚಿಗಟ್ಟಿ ಕಪ್ಪಾಗಿತ್ತು, ಅಂಚು ಉದುರಿತ್ತು. ಇನ್ನೊಂದು ಬದಿ, ಡಿಶ್ಶಿನ ಕೆಳಗಿನದು, ನುಣ್ಣಗೆ ಬೂದಿಬಣ್ಣದ ಹೊಸ ಸಿಮೆಂಟು. ಎರಡೂ ಕೂಡುವ ಕಡೆ ಹಳೆಯ ಕಾಂಕ್ರೀಟು ಹಲ್ಲುಹಲ್ಲಾಗಿ ಕಾಣುತ್ತಿತ್ತು, ಮುರಿದ ಜಾಗ ಇದು ಎಂದು ಬೇರೆ ಹೇಳಬೇಕಿರಲಿಲ್ಲ.

"ರೀ," ಎಂದಳು. "ಸಜ್ಜಾ ಅರ್ಧ ಹೊಸ್ದು. ಆಮೇಲೆ ಕಟ್ಟಿದಾರೆ. ನಿಜವಾಗ್ಲೂ ಮುರಿದಿತ್ತು ರೀ."

ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ನಿಜವಾಗ್ಲೂ.

ಮನೋಹರ್ ಸಮದನಿಯಲ್ಲಿ, "ಹಿಂದ್ಗಡೆ ಎರಡು ನಟ್ ಇದೆ. ಸ್ವಲ್ಪ ಸಡಿಲ ಮಾಡಿ ಡಿಶ್ ಮುಖ ಒಂದಿಷ್ಟು ಮೇಲಕ್ಕೆ ಎತ್ತು. ಕೆಳಗಿನ ಪಟ್ಟಿ ತುಂಬಿದ ಕೂಡ್ಲೇ ಬಿಗಿ ಮಾಡು," ಎಂದ. ಕರೆ ಕಡಿದುಹೋಯಿತು. ಸಿಗ್ನಲ್ ಇಲ್ಲದ್ದಕ್ಕಲ್ಲ, ಅವನೇ ಇಟ್ಟಿದ್ದ.

ಇಂಚರಾಳ ತಾಯಿ ಒಳಗಿನಿಂದ ಪಟ್ಟಿ ನೋಡಿ ಕೂಗಿ ಹೇಳಿದರು. ಪ್ರತಿಭಾ ಬಿಗಿದು ಎದ್ದಳು. ಕುಪ್ಪಸದ ಮುಂಭಾಗವೆಲ್ಲ ಪಾಚಿ. ಕಾಫಿ ಕೊಟ್ಟರು. ಲೋಟ ಹಿಡಿದುಕೊಂಡೇ, "ಆ ಸಜ್ಜಾ ಯಾವಾಗ ರಿಪೇರಿ ಮಾಡ್ಸಿದ್ದು?" ಎಂದು ಕೇಳಿದಳು.

"ನಾವು ಬರೋಕೆ ಮುಂಚೆನೇ," ಎಂದಳು ಇಂಚರಾ. "ಯಾರೋ ಡಿಶ್‌ನೋರೇ ಅಂತೆ, ಇಳಿದ್ರಂತೆ, ಸಜ್ಜಾನೂ ಅವ್ರೂ ಒಟ್ಗೇ ಬಿದ್ರಂತೆ. ಓನರ್ ಹೇಳಿದ್ರು, ಉಳಿದರ್ಧದ ಮೇಲೆ ಹೂಕುಂಡ ಇಡಬೇಡಿ ಅಂತ."

ಕೆಳಗೆ ಜಗಲಿಯಲ್ಲಿ ದೊರೆಸ್ವಾಮಿಯವರು ಕೂತಿದ್ದರು. ಬಡಕಲು ದೇಹ, ಬನಿಯನ್ನು, ಪಂಚೆ, ಕಿವಿಗೆ ಯಂತ್ರ. ಪ್ರತಿಭಾ ಅವರ ಮುಂದೆ ನಿಂತು, "ನಾನು ಮನೋಹರ್ ಹೆಂಡತಿ," ಎಂದಳು. ಅವರಿಗೆ ತಿಳಿಯಲಿಲ್ಲ. "ನಿಮ್ಮನೇಲಿ ಬಿದ್ದೋರು," ಎಂದ ಮೇಲೆ ತಿಳಿಯಿತು.

"ಹೇಗಿದಾನಮ್ಮ?"

"ಮಲಗೇ ಇದಾರೆ. ಎದ್ದೇಳಲ್ಲ."

ಅವರು ಪಂಚೆಯ ಅಂಚು ಸರಿಮಾಡಿಕೊಂಡರು.

"ಸಜ್ಜಾ ಮುರಿದು ಬಿದ್ದಿದ್ದು ಅಂತ ನಿಮಗೆ ಗೊತ್ತಿತ್ತಲ್ಲ ಸಾರ್. ಕುಡಿದಿದ್ರು ಅಂತ ಯಾಕೆ ಹೇಳಿದ್ರಿ?"

"ಕುಡಿದಿದ್ದ ಅನ್ಲಿಲ್ಲಮ್ಮ ನಾನು. ವಾಸನೆ ಇತ್ತು ಅಂದೆ. ಇತ್ತು. ಬಂದ ತಕ್ಷಣ ನೀರು ಕೇಳ್ದ, ಕೊಡುವಾಗ ಬಂತು. ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ."

"ಸಜ್ಜಾ ವಿಷಯ?"

"ಸ್ಟೇಷನ್ನೋರು ಕೇಳ್ಲಿಲ್ಲ."

ಪ್ರತಿಭಾ ಅಲ್ಲೇ ನಿಂತಿದ್ದಳು. ಅವರೇ ಮತ್ತೆ, ಈ ಸಲ ತಗ್ಗಿದ ದನಿಯಲ್ಲಿ ಹೇಳಿದರು. "ಹಳೇ ಮನೆ. ಇವರದೇ ಜವಾಬ್ದಾರಿ ಅಂತ ನನ್ನ ಕೋರ್ಟಿಗೆ ಎಳೆದಿದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ಭಯ ಆಯ್ತು. ಕೇಳದೇ ಇದ್ದಿದ್ದಕ್ಕೆ ಸುಮ್ನಾದೆ."

"ಈಗ ಹೇಳ್ತೀರಾ? ಏಜೆಂಟ್ ಹತ್ರ, ಸ್ಟೇಷನ್ ಹತ್ರ?"

"ಮಗನ್ನ ಒಂದು ಮಾತು ಕೇಳಿ ಹೇಳ್ತೀನಿ. ಮುಂದಿನ ವಾರ ಬಾಮ್ಮ."

ಮನೆಗೆ ಬಂದಾಗ ಮುನಿಲಕ್ಷ್ಮಮ್ಮ ಬಾಗಿಲಲ್ಲೇ, "ಊಟ ಬೇಡ ಅಂದ್ಬಿಟ್ಟ. ಏನಾಯ್ತು?" ಎಂದರು. ಪ್ರತಿಭಾ ಕೈಕಾಲು ತೊಳೆದು ಒಳಗೆ ಹೋದಳು. ಹೊರಳಿಸುವ ಹೊತ್ತಾಗಿತ್ತು. ಭುಜದ ಕೆಳಗೆ ಕೈಹಾಕಿ ಅವನನ್ನು ತನ್ನ ಕಡೆಗೆ ತಿರುಗಿಸಿದಳು. ಮುಖಗಳು ಹತ್ತಿರ ಬಂದವು.

"ನೀನೂ ಹಂಗೇ ಅಂದ್ಕೊಂಡಿದ್ದ್ಯಾ?" ಎಂದು ಕೇಳಿದ.

ಅವಳು ದಿಂಬು ಸರಿಮಾಡಿದಳು. "ಅವತ್ತು ಬೆಳಿಗ್ಗೆ ವಾಸನೆ ಬಂದಿತ್ತು ರೀ."

"ಹಿಂದಿನ ಸಂಜೇದು."

"ಗೊತ್ತು."

"ಊರೋರು ಏನಾದ್ರೂ ಅನ್ಲಿ ಅಂತಿದ್ದೆ. ರವಿಕುಮಾರ್ ಅನ್ಲಿ, ಸ್ಟೇಷನ್ನೋರು ಬರ್ಕೊಳ್ಲಿ. ನಿನಗೆ ಒಂದ್ಸಲ ಹೇಳಿದೀನಲ್ಲ, ಸಾಕು ಅಂದ್ಕೊಂಡಿದ್ದೆ." ಅವನು ಕಣ್ಣು ಮುಚ್ಚಿದ. ಬೇರೆ ಕಡೆ ಹೊರಳುವ ಶಕ್ತಿ ಅವನ ಮೈಯಲ್ಲಿರಲಿಲ್ಲ. ಅವಳೇ ಎದ್ದು ಅಡುಗೆಮನೆಗೆ ಹೋದಳು.

ಆಮೇಲೆ ಅವನು ಕೆಲಸದ ಫೋನ್ ಎತ್ತುವುದನ್ನು ಬಿಟ್ಟ. ಅವಳು ತಾರಸಿಯಿಂದ ಕರೆದರೆ ಹಾಸಿಗೆಯ ಪಕ್ಕ ಅದು ಹೊಡೆದುಕೊಂಡು ತಾನಾಗಿ ನಿಲ್ಲುತ್ತಿತ್ತು. ಮನೆಯಲ್ಲಿ ಬೈಗುಳವೂ ನಿಂತಿತು. ಕೊಟ್ಟದ್ದು ತಿನ್ನುತ್ತಿದ್ದ, ಹೊರಳಿಸಿದ ಕಡೆ ಮಲಗಿರುತ್ತಿದ್ದ. ಬೈಯುವ ಮಗನೇ ವಾಸಿ ಎಂದು ಮುನಿಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರತಿಭಾ ಒಬ್ಬಳೇ ದೋಷ ಹುಡುಕಿ, ಒಬ್ಬಳೇ ಬಿಗಿದು, ಒಬ್ಬಳೇ ಇಳಿದು ಬರುತ್ತಿದ್ದಳು. ಕೆಲಸ ಕೈಗೆ ಬಂದಿತ್ತು, ಆದರೆ ಅದು ಅವಳಿಗೆ ಬೇಕಾಗಿರಲಿಲ್ಲ.

ದೊರೆಸ್ವಾಮಿಯವರು ಹೇಳಿದ ವಾರಕ್ಕೆ ಹೋದಳು. ಮಗ ವಸಿಷ್ಠ ಗೇಟಿಗೇ ಬಂದ. ಒರಟಾಗೇನೂ ಮಾತಾಡಲಿಲ್ಲ. "ಅಪ್ಪನಿಗೆ ಈಗ ನೆನಪು ಸರಿ ಇರಲ್ಲ. ಹಳೇ ಸಜ್ಜಾಗಳು ಉದುರ್ತಾನೇ ಇರತ್ವೆ, ಯಾವಾಗ ಬಿತ್ತು ಅಂತ ಯಾರು ಹೇಳಕ್ಕಾಗತ್ತೆ? ದಯವಿಟ್ಟು ಅವರನ್ನ ಮತ್ತೆ ಕೇಳ್ಬೇಡಿ," ಎಂದ. ಅವಳು ಆ ದಿನವೇ ತಾರಸಿಯಿಂದ ಮೊಬೈಲಿನಲ್ಲಿ ತೆಗೆದಿದ್ದ ಸಜ್ಜಾದ ಫೋಟೋ ಹಿಡಿದು ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ರವಿಕುಮಾರನ ಅಂಗಡಿಗೂ ಹೋದಳು. ಡಿಶ್ ಏಜೆನ್ಸಿ ಬಿಟ್ಟು ಅವನು ಸಿಸಿಟಿವಿ ಮಾರುತ್ತಿದ್ದ. ಫೋಟೋ ದೊಡ್ಡದು ಮಾಡಿ ನೋಡಿ, ಮೊಬೈಲನ್ನು ಅವಳ ಕೈಗೇ ವಾಪಸ್ ಕೊಟ್ಟ. "ಫೈಲೇ ಕ್ಲೋಸ್ ಆಗಿದೆ ಅಕ್ಕ. ನಾನೇ ಈಗ ಆ ಕಂಪನೀಲಿಲ್ಲ." ಯುಗಾದಿಯ ಹೊತ್ತಿಗೆ ದೊರೆಸ್ವಾಮಿಯವರ ಮನೆಯನ್ನು ಬಿಲ್ಡರಿಗೆ ಕೊಟ್ಟರು. ಇಂಚರಾ ಖಾಲಿ ಮಾಡಿಕೊಂಡು ಹೋದಳು. ಸಜ್ಜಾ, ಗೋಡೆ, ಹೆಸರಿನ ಕಲ್ಲು ಎಲ್ಲ ಲಾರಿಗಳಲ್ಲಿ ಹೋಯಿತು. ಪ್ರತಿಭಾ ಇದನ್ನು ಗಂಡನಿಗೆ ಹೇಳಿದಳು. ಅವನು, "ಹೋಗ್ಲಿ ಬಿಡು," ಎಂದ.

ಮಳೆಗಾಲದಲ್ಲಿ ಅವನಿಗೆ ಚಳಿಜ್ವರ ಬಂತು. ಮೂತ್ರದ ಸೋಂಕು ಮೂತ್ರಪಿಂಡದವರೆಗೂ ಏರಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ಅವನು ಯಾರ ಯಾರದೋ ಮನೆಯ ತಾರಸಿಗಳನ್ನು ಬಡಬಡಿಸಿದ. ಉಳಿದು ಮನೆಗೆ ಬಂದಾಗ ಅವನ ತೋಳುಗಳೂ ಸಣ್ಣಗಾಗಿದ್ದವು. ಇದು ಮತ್ತೆ ಬರುತ್ತದೆ, ಪ್ರತಿ ಸಲವೂ ಔಷಧಿಗೆ ಬಗ್ಗುವುದು ಕಡಿಮೆಯಾಗುತ್ತದೆ ಎಂದು ಡಾಕ್ಟರು ಪ್ರತಿಭಾಳನ್ನು ಪಕ್ಕಕ್ಕೆ ಕರೆದು ಹೇಳಿದರು. ಅತ್ತೆಗೆ ಅವಳು ಅದನ್ನು ಹೇಳಲಿಲ್ಲ.

ಮಳೆ ನಿಂತ ಮೇಲೆ ತ್ಯಾಗರಾಜನಗರದ ಸಂಕರ್ಷಣ ಎಂಬುವರ ಮನೆಗೆ ಹೋಗಿದ್ದಳು. ವೈರು ಸರಿ, ತಿರುಪು ಸರಿ, ಡಬ್ಬಿ ಹೊಸದು ಹಾಕಿಯಾಯಿತು, ಡಿಶ್ ಎತ್ತಿಳಿಸಿಯಾಯಿತು, ಕೆಳಗಿನ ಪಟ್ಟಿ ತುಂಬಲೇ ಇಲ್ಲ. ಊಟದ ಹೊತ್ತಾಯಿತು. ಯಾವಾಗ ಬರ್ತೀಯ ಎಂದು ಕೇಳಿದ ಅತ್ತೆಗೆ, ಇಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ ಎಂದಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಹೊಡೆದುಕೊಂಡಿತು. ಮನೋಹರನದು.

"ಎಷ್ಟು ತೋರಿಸ್ತಿದೆ?" ಎಂದ. ದನಿ ಬತ್ತಿತ್ತು.

"ಮೇಲಿಂದು ಪೂರ್ತಿ. ಕೆಳಗಿಂದು ಇಲ್ಲ. ಎಲ್ಲ ನೋಡ್ದೆ ರೀ."

"ಡಿಶ್ ಹಿಂದೆ ನಿಂತ್ಕೊ. ಅದು ನೋಡೋ ಕಡೆನೇ ನೋಡು. ಏನಿದೆ?"

ಅವಳು ಹಿಂದೆ ಹೋಗಿ ನಿಂತು ತಲೆಯೆತ್ತಿದಳು. ಆಗ್ನೇಯಕ್ಕೆ ಪಕ್ಕದ ಸೈಟಿನಲ್ಲಿ ಹೊಸ ಕಟ್ಟಡ, ಹಸಿರು ಬಲೆ ಹೊದ್ದು, ತಲೆಯ ಮೇಲೇ ಬಂದಂತೆ ಎದ್ದಿತ್ತು. ಇಷ್ಟು ಹೊತ್ತೂ ತಲೆ ಬಗ್ಗಿಸಿ ನಟ್ಟು ವೈರುಗಳನ್ನೇ ನೋಡುತ್ತಿದ್ದಳು.

"ಬಿಲ್ಡಿಂಗ್ ಬಂದಿದೆ. ಆಕಾಶನೇ ಕಾಣಲ್ಲ."

"ಡಿಶ್ ಬೇರೆ ಮೂಲೆಗೆ ಇಡಕ್ಕೆ ಜಾಗ ಇದ್ಯಾ?"

"ಇಲ್ಲ. ಸಣ್ಣ ತಾರಸಿ."

"ಹಂಗಾದ್ರೆ ಬರಲ್ಲ. ಬರಲ್ಲ ಅಂತ್ಲೇ ಹೇಳ್ಬಿಡು. ನಾಳೆ ಬರತ್ತೆ, ನಾಡಿದ್ದು ಬರತ್ತೆ ಅಂತ ಆಸೆ ತೋರಿಸ್ಬೇಡ."

"ಸರಿ."

ಅವನು ಕರೆ ಇಡಲಿಲ್ಲ. ಅವಳೂ ಕಾದಳು.

"ಬರ್ತಾ ಔಷಧಿ ಅಂಗಡೀಲಿ ಆ ಮುಲಾಮು ತಗೊಂಡು ಬಾ," ಎಂದ ಕೊನೆಗೆ. "ಬೆನ್ನ ಕೆಳಗೆ ಮತ್ತೆ ಒಡೆದಿದೆ ಅನ್ಸತ್ತೆ. ಕೈ ಹಾಕಿ ನೋಡ್ದೆ, ಬಟ್ಟೆ ಒದ್ದೆ ಇದೆ. ಅಮ್ಮಂಗೆ ಹೇಳಿಲ್ಲ."

"ಯಾವಾಗಿಂದ?"

"ನಿನ್ನೆಯಿಂದ ಇರ್ಬೇಕು. ನೀನು ಬಾ, ನೋಡು."

ಪ್ರತಿಭಾ ಸ್ಪ್ಯಾನರು, ಕಟರು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದಳು. ಟಿವಿಯ ಮುಂದೆ ಕಾಯುತ್ತಿದ್ದ ಸಂಕರ್ಷಣ ಅವರಿಗೆ ಇನ್ನು ಇಲ್ಲಿ ಸಿಗ್ನಲ್ ಬರುವುದಿಲ್ಲ ಎಂದಳು. ಅವರು, ಮೊದಲೇ ನೋಡಿ ಹೇಳಬಾರದಿತ್ತಾ, ಬೆಳಿಗ್ಗೆಯಿಂದ ಕೂರಿಸಿದೆಯಲ್ಲಮ್ಮ ಎಂದು ಮುಖ ಸಿಂಡರಿಸಿದರು. ತಪ್ಪಾಯ್ತು ಸಾರ್ ಎಂದು ಹೇಳಿ, ಚಪ್ಪಲಿ ಮೆಟ್ಟಿ, ಔಷಧಿ ಅಂಗಡಿ ಮಧ್ಯಾಹ್ನಕ್ಕೆ ಬಾಗಿಲು ಹಾಕುವ ಮೊದಲು ತಲುಪಬೇಕೆಂದು ಬಿರಬಿರನೆ ನಡೆದಳು.